ರೆಹಾಲಿನ ಮೇಲಿನ ಇಂಗ್ಲಿಷು

ಮಾಸ್ಟ್ರೇ, ಅಸ್ಸಲಾಮು ಅಲೈಕುಂ.

ಈ ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ತೀರಿಕೊಂಡವರಿಗೆ ಯಾಸೀನ್ ಓದಿ ದುಆ ಮಾಡಬೇಕು, ಕಾಗದ ಬರೆಯುವ ಕ್ರಮ ನಮ್ಮಲ್ಲಿ ಇಲ್ಲ ಎಂದು ನನಗೂ ಗೊತ್ತು. ಯಾಸೀನ್ ಓದಲೆಂದೇ ಕೂತಿದ್ದೆ. ನಡುವೆ ಸಿಟ್ಟು ಬಂತು. ಸಿಟ್ಟಿನಲ್ಲಿ ಓದಿದ್ದು ನಿಮಗೆ ಮುಟ್ಟಲಿಕ್ಕಿಲ್ಲ ಎಂದು ಕಿತಾಬು ಮುಚ್ಚಿಟ್ಟು ಪೆನ್ನು ಹಿಡಿದಿದ್ದೇನೆ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಕ್ಷಮೆ ಕೇಳಬೇಕೇ? ಕೇಳುವುದಿಲ್ಲ. ನೀವು ಕಲಿಸಿದ ಇಂಗ್ಲಿಷಿನಲ್ಲಿ ಯಾರನ್ನೂ ಬೈಯಲು ಆಗುವುದಿಲ್ಲ ಮಾಸ್ಟ್ರೇ. ಬೇರೆಯವರು ಬರೆದದ್ದನ್ನು ಚೆಂದಕ್ಕೆ ಓದಲು ಮಾತ್ರ ಆಗುತ್ತದೆ.

ಹೋದ ವಾರ ಮಂಗಳೂರಿನ ನಮ್ಮ ಹಾಸ್ಟೆಲಿನ ಕಮಿಟಿಯಿಂದ ಕಾರ್ಡು ಬಂತು. ನೀವು ಹೋಗಿ ಬರುವ ಶುಕ್ರವಾರಕ್ಕೆ ವರ್ಷವಂತೆ. ಜುಮಾ ಕಳೆದ ಮೇಲೆ ಹಾಸ್ಟೆಲಿನ ಹಾಲಿನಲ್ಲಿ ಸಭೆ. 'ನಮ್ಮ ಹಾಸ್ಟೆಲಿನಿಂದ ಮದರಾಸಿನ ಕಾಲೇಜಿಗೆ ಹೋದ ಮೊದಲ ಹುಡುಗ ನೀನು. ಹಸನಬ್ಬ ಮಾಸ್ಟ್ರ ರೀತಿಯಿಂದ ಇಂಗ್ಲಿಷು ಹೇಗೆ ಕೈವಶವಾಯಿತು ಎಂದು ಹುಡುಗರಿಗೆ ಧೈರ್ಯ ಬರುವ ಹಾಗೆ ಎರಡು ಪುಟ ಬರೆದು ಕಳಿಸು. ಮಾಸ್ಟ್ರು ಮದರಾಸಿನಲ್ಲಿ ಓದಿದ ಸಂಗತಿಯೂ ಅದರಲ್ಲಿ ಇರಲಿ. ಜೂನಿನಲ್ಲಿ ಇನ್ನು ಮೂವರು ಅಲ್ಲಿಗೇ ಬರುವವರಿದ್ದಾರೆ.' ಆ ಮೂವರು ಯಾರೆಂದು ನನಗೆ ಗೊತ್ತು. ನೀವು ಹೋದ ಮೇಲೂ ಅವರು ನಿಮ್ಮ ರೀತಿಯಲ್ಲೇ ಓದುತ್ತಿದ್ದಾರಂತೆ, ದೊಡ್ಡವರು ಚಿಕ್ಕವರಿಗೆ ಹೇಳಿಕೊಟ್ಟು. ಈಗ ಹೇಳಿ, ನಾನು ಅವರಿಗೆ ಏನು ಬರೆಯಲಿ? ನಿಮ್ಮನ್ನು ಹೊಗಳಿದರೆ ಅವರೂ ಬಂದು ನನ್ನ ಹಾಗೆ ನಿಲ್ಲುತ್ತಾರೆ. ಇದ್ದದ್ದು ಇದ್ದ ಹಾಗೆ ಬರೆದರೆ ನಿಮ್ಮ ಹೆಸರಿನ ಸಭೆಯಲ್ಲೇ ನಿಮ್ಮ...

ಸುಬಹಿ ನಮಾಜು ಮುಗಿದು ಬೆಳಕು ಹರಿಯುವ ಹೊತ್ತು ನೆನಪಾಗುತ್ತದೆ. ಚಾಪೆಯ ಮೇಲೆ ಸಾಲಾಗಿ ನಾವು. ಪ್ರತಿಯೊಬ್ಬನ ಎದುರಿಗೂ ಕುರ್‌ಆನ್ ಇಡುವ ಮರದ ರೆಹಾಲು, ಅದರ ಮೇಲೆ ಇಂಗ್ಲಿಷ್ ರೀಡರು. ಸಾಲುಗಳ ಮೇಲೆ ನೀವು ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕೊಡುತ್ತಿದ್ದಿರಿ. ಇಲ್ಲಿ ನಿಲ್ಲು, ಇಲ್ಲಿ ನಿಲ್ಲಬೇಡ, ಇಲ್ಲಿ ಎಳೆ, ಇಲ್ಲಿ ಮೂಗಿನಿಂದ ಹೇಳು. ಮದ್ರಸದಲ್ಲಿ ಕುರ್‌ಆನ್ ಓದಲು ಕಲಿತ ಹಾಗೆಯೇ ನಾವು ಮುಂದಕ್ಕೂ ಹಿಂದಕ್ಕೂ ತೂಗುತ್ತ ಇಂಗ್ಲಿಷು ಓದುತ್ತಿದ್ದೆವು. ತಪ್ಪಿದರೆ ನಿಮ್ಮ ಬೆರಳ ಗೆಣ್ಣು ಮೇಜಿಗೆ ತಾಗುತ್ತಿತ್ತು. ಬ್ಯಾರಿ ಮಾತಿನ ಹುಡುಗರು, ಉರ್ದು ಮಾತಿನ ಹುಡುಗರು, ಎಲ್ಲರೂ ಒಂದೇ ಸ್ವರದಲ್ಲಿ. ಒಂದು ಪಾಠ ಪೂರಾ ಬಾಯಿಗೆ ಬರುವವರೆಗೆ ಎರಡನೆಯದಕ್ಕೆ ಪುಟ ತಿರುಗಿಸುವ ಹಾಗಿಲ್ಲ.

ಒಮ್ಮೆ ನಾನು ಕೇಳಿದ್ದೆ, ನೆನಪುಂಟಾ?

"ಮಾಸ್ಟ್ರೇ, ಇದರ ಅರ್ಥ ಎಂತ?"

"ನಿನಗೆ ಫಾತಿಹಾ ಬರ್ತದಾ?"

"ಬರ್ತದೆ."

"ಅರ್ಥ ಕೇಳಿ ಕಲ್ತದ್ದಾ?"

"ಅಲ್ಲ."

"ಮತ್ತೆ? ಗೊತ್ತಿಲ್ಲದ ಭಾಷೆಯನ್ನು ತಪ್ಪಿಲ್ಲದೆ ಓದುದು ಸಣ್ಣ ಪ್ರಾಯದಲ್ಲೇ ಕಲ್ತವರು ನೀವು. ಬೇರೆ ಮಕ್ಕಳಿಗೆ ಆ ಅಭ್ಯಾಸ ಉಂಟಾ? ಅರಬಿ ಹತ್ತಿದ ನಾಲಗೆಗೆ ಇಂಗ್ಲಿಷ್ ಯಾವ ಲೆಕ್ಕ ಮಾರಾಯ. ಅರ್ಥ ಎಲ್ಲಿಗೂ ಓಡಿ ಹೋಗುದಿಲ್ಲ. ಮೊದಲು ನಾಲಗೆ ಸರಿ ಮಾಡು."

ಆ ದಿನ ನನಗೆ ಎಷ್ಟು ಧೈರ್ಯ ಬಂತು ಎಂದು ನಿಮಗೆ ಗೊತ್ತಿಲ್ಲ. ನಾವು ಹಿಂದೆ ಬಿದ್ದವರು, ನಮಗೆ ಇಂಗ್ಲಿಷು ಬಾರದು ಎಂದು ಶಾಲೆಯಲ್ಲಿ ಎಲ್ಲರೂ ಹೇಳುತ್ತಿದ್ದಾಗ, ನಮಗೆ ಬೇರೆಯವರಿಗಿಂತ ಜಾಸ್ತಿ ಬರುತ್ತದೆ ಎಂದು ಹೇಳಿದವರು ನೀವೊಬ್ಬರೇ. ಅದೇ ಧೈರ್ಯ ಹಿಡಿದುಕೊಂಡು ಮದರಾಸ್ ಮೇಲ್ ಹತ್ತಿದೆ. ಅದೇ ಈಗ ನನ್ನ ಕುತ್ತಿಗೆಗೆ ಬಂದಿದೆ.

ಮಸೀದಿಯ ಮುತವಲ್ಲಿ ಪುತ್ತುಬಾವ ಹಾಜಿಯವರು ಹಾಸ್ಟೆಲಿನ ಕಿಟಕಿಯ ಹೊರಗೆ ನಿಂತ ಬೆಳಗ್ಗೆಯೂ ನೆನಪಿದೆ. ಇಂಗ್ಲಿಷು ಕಲಿತರೆ ಮಕ್ಕಳ ದೀನ್, ಧರ್ಮ ಎಲ್ಲ ಹೋಗುತ್ತದೆ ಎಂದು ಅವರು ಊರೆಲ್ಲ ಹೇಳಿಕೊಂಡು ಬಂದಿದ್ದರು. ಎರಡು ಮನೆಯವರು ಹುಡುಗರನ್ನು ಬಿಡಿಸಿಕೊಂಡು ಹೋಗಿಯೂ ಆಗಿತ್ತು. ಹಾಜಿಯವರು ಸುಮಾರು ಹೊತ್ತು ಕಣ್ಣು ಮುಚ್ಚಿ ನಮ್ಮ ಓದು ಕೇಳಿದರು.

"ಎಂತ ಓದುದು ಇವರು, ಹಸನಬ್ಬ?"

"ಪಾಠ ಹಾಜಿಯವರೇ."

"ಸ್ವರ ಒಳ್ಳೇದುಂಟು. ಪುಸ್ತಕ ರೆಹಾಲಿನ ಮೇಲೆಯೇ ಉಂಟಲ್ಲ. ಆಗಲಿ, ಆಗಲಿ."

ಅವರು ಕೊಡೆ ಊರಿಕೊಂಡು ಹೋದ ಮೇಲೆ ನೀವು ಮೀಸೆಯ ಕೆಳಗೆ ನಕ್ಕಿರಿ. ಬಿಡಿಸಿಕೊಂಡು ಹೋದ ಹುಡುಗರೂ ಆ ವಾರವೇ ವಾಪಸು ಬಂದರು. ಆಗ ನನಗೆ ಅದು ತಮಾಷೆ. ಇಲ್ಲಿ ಬಂದ ಮೇಲೆ ಅರ್ಥವಾಯಿತು. ಆ ತೂಗುವುದು, ಎಳೆಯುವುದು, ರೆಹಾಲು, ಎಲ್ಲ ನಮಗಾಗಿ ಇರಲಿಲ್ಲ. ಕಿಟಕಿಯ ಹೊರಗೆ ನಿಂತವರಿಗಾಗಿ ಇತ್ತು. ಅಪ್ಪಂದಿರು ಹೆದರಬಾರದು ಎಂದು ನೀವು ಇಂಗ್ಲಿಷಿಗೆ ಟೊಪ್ಪಿ ಹಾಕಿ ಕೂರಿಸಿದಿರಿ. ಒಪ್ಪುತ್ತೇನೆ, ಅದು ಬುದ್ಧಿವಂತಿಕೆ. ಆದರೆ ಹಾಜಿಯವರು ಹೋದ ಮೇಲಾದರೂ ಕಿಟಕಿ ಮುಚ್ಚಿ ನಮಗೆ ಅರ್ಥ ಹೇಳಬಹುದಿತ್ತಲ್ಲ? ಅಥವಾ ಕೊನೆಕೊನೆಗೆ ನೀವೇ ಅದನ್ನು ನಂಬಿಬಿಟ್ಟಿರಾ?

ಶುಕ್ರವಾರದ ನಿಮ್ಮ ಕಥೆಯನ್ನು ನಾವು ಎಷ್ಟು ಸಲ ಕೇಳಿದ್ದೇವೆ. ಮದರಾಸಿನ ಕಾಲೇಜಿನಲ್ಲಿ ಇಂಗ್ಲಿಷ್ ದೊರೆಯೊಬ್ಬರು ಪಾಠಕ್ಕೆ ಬರುತ್ತಿದ್ದದ್ದು. ಪ್ರತಿ ಶುಕ್ರವಾರ, ಕ್ಲಾಸಿನಲ್ಲಿ ಅಷ್ಟು ಜನ ಇದ್ದರೂ, ನಿಮ್ಮನ್ನೇ ಎಬ್ಬಿಸಿ ಓದಿಸುತ್ತಿದ್ದದ್ದು. "ಇಡೀ ಕ್ಲಾಸು ಉಸಿರು ಬಿಗಿಹಿಡಿದು ಕೇಳ್ತಿತ್ತು" ಎಂದು ಹೇಳುವಾಗ ನಿಮ್ಮ ಬೆನ್ನು ನೆಟ್ಟಗಾಗುತ್ತಿತ್ತು. ನಾವೂ ಕೂತಲ್ಲೇ ನೆಟ್ಟಗಾಗುತ್ತಿದ್ದೆವು. ಊರಿನಲ್ಲಿ ನಿಮಗೆ ಮದರಾಸಿನಲ್ಲಿ ಓದಿದ ಮಾಸ್ಟ್ರು ಎಂದೇ ಹೆಸರು. ಎಲ್ಲಿಯವರೆಗೆ ಓದಿದ್ದು ಎಂದು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ನನ್ನ ಮೊದಲ ಇಂಗ್ಲಿಷ್ ಕ್ಲಾಸು ಹೇಳುತ್ತೇನೆ ಕೇಳಿ. ನಮ್ಮ ಪ್ರೊಫೆಸರು ಶೇಷಾಚಾರ್ ಎಂದು, ಹಣೆಗೆ ಅಂಗಾರ, ಅಕ್ಷತೆ, ಮೇಲೆ ಮುಚ್ಚುಕೋಟು. ಪಾಠ ಒಂದು ದೀಪಸ್ತಂಭ ಕಾಯುವವನದ್ದು. ಯಾರಾದರೂ ಓದಿ ಎಂದರು. ನಾನು ಎದ್ದೆ. ನೀವು ಕಲಿಸಿದ ಹಾಗೆ ಎದೆ ಎತ್ತಿ ಓದಿದೆ. ನಿಲ್ಲುವಲ್ಲಿ ನಿಂತೆ, ಎಳೆಯುವಲ್ಲಿ ಎಳೆದೆ. ಯಾವಾಗ ತೂಗಲು ಶುರು ಮಾಡಿದೆನೋ ನನಗೇ ತಿಳಿಯದು. ಕ್ಲಾಸು ನಿಶ್ಶಬ್ದ. ನಿಮ್ಮ ಶುಕ್ರವಾರ ನನಗೂ ಬಂತು ಎಂದುಕೊಂಡೆ. ಓದು ಮುಗಿದಾಗ ಪ್ರೊಫೆಸರು ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದರು. ನಂತರ ಇಂಗ್ಲಿಷಿನಲ್ಲಿ ಕೇಳಿದರು, ಆ ಮನುಷ್ಯ ಬಿರುಗಾಳಿಯ ದಿನ ದೀಪ ಬಿಟ್ಟು ಯಾಕೆ ಕೆಳಗಿಳಿಯಲಿಲ್ಲ, ನಿನ್ನ ಮಾತಿನಲ್ಲಿ ಹೇಳು.

ನನ್ನ ಮಾತು? ನನ್ನ ಹತ್ತಿರ ಎಲ್ಲಿತ್ತು ಮಾಸ್ಟ್ರೇ? ನಾನು ಓದಿದ್ದು ದೀಪದ ಬಗ್ಗೆ ಎಂದೇ ನನಗೆ ಪೂರ್ತಿ ಗೊತ್ತಿರಲಿಲ್ಲ. ಅವರು ಪ್ರಶ್ನೆಯನ್ನು ಇನ್ನೊಮ್ಮೆ ನಿಧಾನಕ್ಕೆ ಕೇಳಿದರು. ನಾನು ಏನು ಮಾಡಿದೆ ಗೊತ್ತುಂಟಾ? ಬೇರೆ ದಾರಿ ಕಾಣದೆ ಪಾಠವನ್ನು ಮೊದಲಿನಿಂದ ಮತ್ತೆ ಓದಲು ಶುರು ಮಾಡಿದೆ. ಅದೇ ಸ್ವರದಲ್ಲಿ. ಆಗ ಕ್ಲಾಸಿನಲ್ಲಿ ನಗು ಒಡೆಯಿತು. ಹಿಂದಿನ ಬೆಂಚಿನಿಂದ ಯಾರೋ "ಆಮೀನ್" ಎಂದರು.

ಅಂದಿನಿಂದ ನಾನು ಮೌಲ್ವಿ. ರೂಮಿನಲ್ಲಿ ನನ್ನ ಜೊತೆ ಇರುವವನು ಜಬ್ಬಾರ್, ವಾಣಿಯಂಬಾಡಿಯ ತೊಗಲು ವ್ಯಾಪಾರದವರ ಮಗ. ಅವನೂ ನಮ್ಮವನೇ, ಆದರೂ ಬಿಡಲಿಲ್ಲ. ಅರ್ಧ ತಮಿಳು ಅರ್ಧ ಉರ್ದುವಿನಲ್ಲಿ ಅವನದು ಒಂದೇ ವರಾತ: "ಡೇ ಮೌಲ್ವಿ, ಮೆಸ್ಸಿನ ಸಾಂಬಾರಿಗೂ ಸ್ವಲ್ಪ ಓದಿ ಊದಡಾ, ರುಚಿಯಾದರೂ ಬರಲಿ." ನಾನು ಅವನ ಮೇಲೆ ಚಪ್ಪಲಿ ಎಸೆದೆ. ನೀವು ನಮಗೆ ಕೊಟ್ಟದ್ದು ಇದು. ಅವರ ಕಣ್ಣಿಗೆ ನಾನು ಇಂಗ್ಲಿಷು ಬಾರದ ಹುಡುಗ ಮಾತ್ರ ಆಗಿದ್ದರೆ ಚಿಂತೆ ಇರಲಿಲ್ಲ, ಅಂಥವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಓದುವುದೇ ತಮಾಷೆಯಾಯಿತು. ನನ್ನ ಜೊತೆಗೆ ನಮ್ಮ ಓದೂ ತಮಾಷೆಯಾಯಿತು. ಈಗ ರೂಮಿನಲ್ಲಿ ಕುರ್‌ಆನ್ ಓದಲು ಕೂತರೂ ಬಾಗಿಲು ಹಾಕಿಕೊಳ್ಳುತ್ತೇನೆ.

ಶೇಷಾಚಾರ್ ಸಾರ್ ಮನೆಗೆ ಹೋದ ಭಾನುವಾರ ನಿಮಗೆ ಗೊತ್ತಾಗಬೇಕಾದದ್ದು. ಅವರ ಮನೆಯಲ್ಲಿ ಕನ್ನಡವಂತೆ ಎಂದು ಯಾರೋ ಹೇಳಿದ್ದರು. ಮರ್ಯಾದೆ ಬಿಟ್ಟು ಸಹಾಯ ಕೇಳೋಣ ಎಂದು ಎಲೆಕ್ಟ್ರಿಕ್ ಟ್ರೈನು ಹಿಡಿದು ಮಾಂಬಲಂನಲ್ಲಿ ಇಳಿದೆ. ಸ್ಟೇಷನ್ನಿನ ಪಶ್ಚಿಮಕ್ಕೆ, ಎರಡು ಸೈಕಲ್ ಎದುರಾದರೆ ಒಂದು ನಿಲ್ಲಬೇಕಾದಂಥ ಓಣಿಯಲ್ಲಿ ಮನೆ. ಬನಿಯನ್ನಿನಲ್ಲಿ ಬಾಗಿಲಿಗೆ ಬಂದರು.

"ಏನಪ್ಪಾ ಉಸ್ಮಾನ್, ಇಷ್ಟು ದೂರ? ಇಲ್ಲೇ ಜಗಲಿ ಮೇಲೆ ಕೂತ್ಕೋ, ಕಾತ್ತು ಚೆನ್ನಾಗಿ ಬರತ್ತೆ."

ಗಾಳಿಗೆ ಅವರು ಕಾತ್ತು ಎನ್ನುತ್ತಾರೆ. ಗಾಳಿ ಬರಲಿಲ್ಲ. ಕಾಫಿ ಬಂತು, ಅವರದು ಹಿತ್ತಾಳೆಯ ಲೋಟದಲ್ಲಿ, ನನ್ನದು ಗಾಜಿನದರಲ್ಲಿ. ಆ ದಿನ ಕ್ಲಾಸಿನಲ್ಲಿ ಆದದ್ದರ ಮಾತು ತೆಗೆದೆ. ಅವರು ತಲೆ ಆಡಿಸುತ್ತ ಕೇಳಿ ಸಣ್ಣಗೆ ನಕ್ಕರು.

"ಸುಮ್ಮಾ ನಗ್ತಿಲ್ಲಪ್ಪಾ, ಕೋಪ ಮಾಡ್ಕೋಬೇಡ. ನೀನು ಓದಿದ ದಿನ ನನಗೆ ಒಬ್ಬನ ಜ್ಞಾಪಕ ಬಂತು. ನಾನು ಇಂಟರ್ ಓದೋವಾಗ ನಮ್ಮ ಕ್ಲಾಸಲ್ಲಿದ್ದ, ನಿಮ್ಮ ಮಂಗಳೂರು ಕಡೆಯವನೇ. ಡಿಟ್ಟೋ ನಿನ್ನ ಹಾಗೇ ಓದೋವನು. ನಮ್ಮ ದೊರೆಗೆ ಅದೊಂದು ವೇಡಿಕ್ಕೆ, ತಮಾಷೆ. ಶುಕ್ರವಾರ ಬಂದ್ರೆ ಅವನನ್ನ ಎಬ್ಬಿಸಿಬಿಡೋರು. ನಾವೆಲ್ಲಾ ನಗು ತಡೆಯೋಕೆ ಉಸಿರು ಬಿಗಿಹಿಡ್ಕೊಂಡು ಕೂತಿರ್ತಿದ್ವಿ. ಅಪ್ಪುರಂ, ಕ್ಲಾಸು ಮುಗಿದ ಮೇಲೆ, ವರಾಂಡಕ್ಕೆ ಬಂದು... ಅಯ್ಯೋ, ಹೊಟ್ಟೆ ಹುಣ್ಣಾಗೋದು."

"ಅವರ ಹೆಸರೇನು ಸಾರ್?" ಎಂದೆ. ಕೇಳುವ ಮೊದಲೇ ನನಗೆ ಗೊತ್ತಿತ್ತು.

"ಹಸನ್ ಅಂತ ಏನೋ. ಪರೀಕ್ಷೆಗೆ ಕೂರಲಿಲ್ಲ. ಒಂದು ದಿನ ಹಾಸಿಗೆ ಸುತ್ತಿಕೊಂಡು ಊರಿಗೆ ಹೋಗ್ಬಿಟ್ಟ. ಯಾಕೆ, ಗೊತ್ತಾ ನಿನಗೆ?"

"ಅವರೇ ಸಾರ್ ನನಗೆ ಕಲಿಸಿದ್ದು. ತೀರಿಕೊಂಡರು."

ಅವರು ಕಾಫಿಯ ಲೋಟ ಕೆಳಗಿಟ್ಟರು. ಓಣಿಯಲ್ಲಿ ತರಕಾರಿಯವಳು ಕೂಗಿಕೊಂಡು ಹೋಗುತ್ತಿದ್ದಳು. "ಒಳ್ಳೇ ಶಾರೀರಪ್ಪಾ ಅವನದು" ಎಂದರು ಆಮೇಲೆ. ನಾನು ಕಾಫಿ ಮುಗಿಸದೆ ಎದ್ದು ಬಂದೆ. ಅವರಲ್ಲಿ ಕೇಳಬೇಕಾದ ಸಹಾಯ ಕೇಳಲೂ ಇಲ್ಲ.

ವಾಪಸು ಬರುವಾಗ ಸೀಟಿದ್ದರೂ ಟ್ರೈನಿನ ಬಾಗಿಲಲ್ಲೇ ನಿಂತಿದ್ದೆ. ಅವರ ಮೇಲೆ ಬಂದ ಸಿಟ್ಟು ಕೋಡಂಬಾಕ್ಕಂ ಬರುವುದರೊಳಗೆ ನಿಮ್ಮ ಕಡೆ ತಿರುಗಿತು. ಅವರು ನಕ್ಕರು, ಸರಿ. ಆಗ ಅವರೂ ನನ್ನ ಪ್ರಾಯದ ಹುಡುಗರು. ನೀವು ಮಾಡಿದ್ದೇನು? ನಿಮ್ಮನ್ನು ಓಡಿಸಿದ ಆ ಸ್ವರವನ್ನೇ ತಂದು ನಮ್ಮ ಬಾಯಿಗೆ ಹಾಕಿದಿರಿ. ಮುಳ್ಳು ತುಳಿದ ದಾರಿಯಲ್ಲೇ ನಮ್ಮನ್ನು ಬರಿಗಾಲಲ್ಲಿ ಕಳಿಸಿದಿರಿ, ಹೂವಿದೆ ಎಂದು ಹೇಳಿ. ಇಲ್ಲೊಂದು ಅಪಾಯ ಉಂಟು ಮಗಾ ಎಂದು ಒಂದು ಮಾತು, ಒಂದೇ ಒಂದು ಮಾತು... ಯಾಕೆ ಹೇಳಲಿಲ್ಲ?

ಮೊನ್ನೆ ಕ್ಲಾಸಿನಲ್ಲಿ ನಡೆದದ್ದನ್ನೂ ತಿಳಿಸಿಬಿಡುತ್ತೇನೆ. ಪಾಠ ಶುರುವಾಗುವ ಮೊದಲೇ ಹಿಂದಿನ ಬೆಂಚಿನವರು, "ಸಾರ್, ಉಸ್ಮಾನ್ ರೀಡ್ ಮಾಡಲಿ ಸಾರ್" ಎಂದು ರಾಗ ಎಳೆದರು. ಶೇಷಾಚಾರ್ ಸಾರ್ ನನ್ನ ಕಡೆ ನೋಡಿ ಬೇಡ ಎನ್ನುವ ಹಾಗೆ ಕೈ ಎತ್ತಿದರು. ನನಗೆ ಆ ಕರುಣೆ ನೋಡಿ ಇನ್ನೂ ಉರಿಯಿತು. ಎದ್ದು ಪುಸ್ತಕ ಮುಚ್ಚಿದೆ.

"ಐ ವಿಲ್ ನಾಟ್ ರೀಡ್ ಸಾರ್. ಐ ವಿಲ್ ಟೆಲ್."

ದೀಪಸ್ತಂಭದ ಪಾಠವನ್ನೇ ಹೇಳಿದೆ. ಆ ಭಾನುವಾರದ ನಂತರ ಡಿಕ್ಷನರಿ ಇಟ್ಟುಕೊಂಡು ಅದನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡಿದ್ದೆ. "ಪ್ಯಾರೀಸ್ ಕಾರ್ನರ್ ನಿಯರ್, ಹೈಕೋರ್ಟ್ ಟಾಪ್, ಒನ್ ಲೈಟ್ ಈಸ್ ದೇರ್. ಇಟ್ ಈಸ್ ಟರ್ನಿಂಗ್, ಟರ್ನಿಂಗ್. ದಿಸ್ ಮ್ಯಾನ್ ಆಲ್ಸೋ ಸೇಮ್ ಲೈಟ್ ಹ್ಯಾವಿಂಗ್." ನಗು. "ರಾಂಗ್. ಗೋ ಆನ್" ಎಂದರು ಸಾರ್. ಮುಂದೆ ಹೇಳಿದೆ. ಮತ್ತೆ ನಗು, ಮತ್ತೆ "ರಾಂಗ್. ಗೋ ಆನ್." ಅವನು ಇಳಿದರೆ ದೀಪ ನಿಲ್ಲುತ್ತದೆ, ದೀಪ ನಿಂತರೆ ಹಡಗಿನವರಿಗೆ ದಡ ಎಲ್ಲಿ ಎಂದು ಕಾಣುವುದಿಲ್ಲ ಎಂಬುದನ್ನು ಎಷ್ಟು ಕಡೆಯಿಂದ ಸುತ್ತಿಕೊಂಡು ಹೇಳಿದೆನೋ. ಆದರೆ ಮಾಸ್ಟ್ರೇ, ತೂಗಲಿಲ್ಲ. ಎಳೆಯಲಿಲ್ಲ. ಕೊನೆಯವರೆಗೂ ಹೇಳಿಯೇ ಕೂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದರೆ ಅವರು ನಕ್ಕದ್ದು ನನ್ನ ತಪ್ಪಿಗೆ, ನಮ್ಮ ಓದಿಗೆ ಅಲ್ಲ. ಅಷ್ಟು ವ್ಯತ್ಯಾಸ ಸಾಕಾಯಿತು. ಜಬ್ಬಾರ್ ಹೊರಗೆ ಬಂದು ಹೆಗಲಿಗೆ ಗುದ್ದಿದ. "ಅಡ ಪಾವಿ, ನಿನ್ನ ಇಂಗ್ಲಿಷು ನನ್ನದಕ್ಕಿಂತ ಕಡೆ. ಇದನ್ನು ಮೊದಲೇ ಹೇಳುವುದಲ್ಲವಾ? ನಾಳೆಯಿಂದ ಇಬ್ಬರೂ ಸೇರಿ ಕೊಲ್ಲೋಣ ಅದನ್ನು." ಈಗ ನಾವು ಮೆಸ್ಸಿಗೆ ಹೋಗುವಾಗ ಬರುವಾಗ ಇಂಗ್ಲಿಷಿನಲ್ಲೇ ಜಗಳ ಮಾಡುತ್ತೇವೆ.

ಆ ಹುಡುಗರಿಗೆ ಎರಡು ಪುಟ ಬರೆದಾಗಿದೆ. ನಿಮಗೆ ಇಷ್ಟವಾಗಲಿಕ್ಕಿಲ್ಲ. ಇಂಗ್ಲಿಷ್ ಪುಸ್ತಕವನ್ನು ರೆಹಾಲಿನಿಂದ ಕೆಳಗಿಳಿಸಿ ಎಂದು ಬರೆದಿದ್ದೇನೆ. ಕುರ್‌ಆನ್ ಓದುವುದು ಅಲ್ಲಾಹನ ಮಾತನ್ನು ಒಂದಕ್ಷರ ಕದಲದ ಹಾಗೆ ಕಾಯಲಿಕ್ಕೆ. ಇಂಗ್ಲಿಷು ಯಾರ ಮಾತನ್ನೂ ಕಾಯಲಿಕ್ಕೆ ಅಲ್ಲ, ನಿಮ್ಮ ಮಾತು ಹೇಳಲಿಕ್ಕೆ, ಅದರಲ್ಲಿ ಅಕ್ಷರ ಕದಲಬಹುದು, ಕದಲಲೇಬೇಕು ಎಂದಿದ್ದೇನೆ. ಒಂದು ಪುಟ ಓದಿದರೆ ಪುಸ್ತಕ ಮುಚ್ಚಿ ಪಕ್ಕದವನಿಗೆ ಮನೆಮಾತಿನಲ್ಲಿ ಹೇಳಿ. ಅವನಿಗೆ ತಿಳಿದರೆ ಮಾತ್ರ ನಿಮಗೆ ತಿಳಿದಿದೆ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ, ತಪ್ಪಾಗಿಯೇ ಹೇಳಿ. ನಿಮ್ಮ ತಾಯಿ ಬೆಳಗ್ಗೆ ಏನು ಮಾಡಿದರು, ದಕ್ಕೆಯಲ್ಲಿ ಯಾವ ಮೀನು ಬಂತು, ಅದನ್ನು ದಿನಾ ನಾಲ್ಕು ಸಾಲು ಬರೆಯಿರಿ, ಯಾವ ರೀಡರಿನಲ್ಲೂ ಅದು ಇಲ್ಲ, ಹಾಗಾಗಿ ಕದಿಯಲು ಆಗುವುದಿಲ್ಲ. ಅರ್ಥ ಕೇಳಲು ನಾಚಬೇಡಿ. ಹಾಜಿಯವರು ಕಿಟಕಿಗೆ ಬಂದರೆ ಒಳಗೆ ಕರೆದು ಕೂರಿಸಿ ಅವರಿಗೂ ಪಾಠದ ಅರ್ಥ ಹೇಳಿ. ದೀನ್ ಹೋಗುವಂಥದ್ದು ಅದರಲ್ಲಿ ಏನೂ ಇಲ್ಲ ಎಂದು ಅವರಿಗೇ ತಿಳಿಯಲಿ. ಗಟ್ಟಿಯಾಗಿ ಓದುವುದನ್ನು ಮಾತ್ರ ಬಿಡಬೇಡಿ ಎಂದೂ ಬರೆದಿದ್ದೇನೆ. ಅದು ನಿಮ್ಮದು ಮಾಸ್ಟ್ರೇ. ನನ್ನ ಉಚ್ಚಾರಕ್ಕೆ ಇಲ್ಲಿ ಈಗಲೂ ಯಾರೂ ಹೆಸರಿಡುವುದಿಲ್ಲ. ಅಷ್ಟಕ್ಕೆ ನಿಮ್ಮನ್ನು ಹೊಗಳಿದ್ದೇನೆ, ಅದಕ್ಕಿಂತ ಜಾಸ್ತಿ ನನ್ನಿಂದ ಆಗಲಿಲ್ಲ.

ಇನ್ನೂ ಒಂದು ಸುದ್ದಿ. ನೀವು ಹೋದ ಮೇಲೆ ನಮ್ಮ ಜಿಲ್ಲೆಯನ್ನು ಮದರಾಸಿನಿಂದ ತೆಗೆದು ಮೈಸೂರಿಗೆ ಸೇರಿಸಿದರು. ನಮ್ಮ ಹುಡುಗರು ಇಲ್ಲಿಗೆ ಇನ್ನು ಹೊರಗಿನವರಾಗಿಯೇ ಬರುವುದು. ಆ ಮೂವರನ್ನು ಇಳಿಸಿಕೊಳ್ಳಲು ಸೆಂಟ್ರಲ್ ಸ್ಟೇಷನ್ನಿಗೆ ನಾನೇ ಹೋಗುತ್ತೇನೆ. ನಿಮ್ಮನ್ನು ಇಳಿಸಿಕೊಳ್ಳಲು ಯಾರಾದರೂ ಬಂದಿದ್ದರಾ?

ಎರಡನೆಯ ಪುಟದ ಕೊನೆಗೆ ಸ್ವಲ್ಪ ಜಾಗ ಬಿಟ್ಟಿದ್ದೇನೆ. ಅದು ನೀವು ಮದರಾಸಿನಲ್ಲಿ ಓದಿದ ಸಂಗತಿಗೆ. ಅವರು ನಗುತ್ತಿದ್ದರೆಂದು ನಿಮಗೆ ಗೊತ್ತಿತ್ತಾ ಮಾಸ್ಟ್ರೇ? ಗೊತ್ತಿರಲಿಲ್ಲವಾದರೆ ನಾನೂ ಹೇಳುವುದಿಲ್ಲ; ಇಡೀ ಕ್ಲಾಸು ಕೇಳುತ್ತಿತ್ತು ಎಂದು ನೀವು ಹೇಳಿದ ಹಾಗೆಯೇ ಬರೆದು ಮುಗಿಸುತ್ತೇನೆ. ಗೊತ್ತಿದ್ದೂ ನಮ್ಮೆದುರು ಬೆನ್ನು ನೆಟ್ಟಗೆ ಮಾಡಿ ಹಾಗೆ ಹೇಳುತ್ತಿದ್ದಿರಾದರೆ ನನ್ನ ಸಿಟ್ಟು ಬೇರೆ, ನಾನು ಬರೆಯುವುದೂ ಬೇರೆ. ನಮ್ಮ ಮಾಸ್ಟ್ರು ಅಲ್ಲಿ ಒಬ್ಬರೇ ನಿಂತು ಅದನ್ನು ಸಹಿಸಿದರು, ನೀವು ಒಬ್ಬರೇ ನಿಲ್ಲಬೇಡಿ ಎಂದು ಬರೆಯಬೇಕಾಗುತ್ತದೆ. ಎರಡರಲ್ಲಿ ಯಾವುದು ಎಂದು ನಿಮಗೊಬ್ಬರಿಗೇ ಗೊತ್ತು.

ಮಂಗಳವಾರದ ಮೇಲ್‌ಗೆ ಲಕೋಟೆ ಹಾಕದಿದ್ದರೆ ಶುಕ್ರವಾರಕ್ಕೆ ಮುಟ್ಟುವುದಿಲ್ಲ. ಹೌದು ಅಥವಾ ಇಲ್ಲ, ಅಷ್ಟೇ ಸಾಕು. ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ ಹಾಸ್ಟೆಲಿನ
ಉಸ್ಮಾನ್